ನೀರಿನ ಕ್ಯಾನ್ ಹಿಡಿದು ಬಂದವರಿಗೆ

ದಶಕಗಳ ಹಿಂದೆ, ಬೇಸಿಗೆ ರಜೆಗೆಂದು ಕಡಲ ಕಡೆ ಹೊರಟ ಕಾರು ಏರುದಾರಿಯಲ್ಲಿ ಬುಸುಗುಟ್ಟಿ ನಿಂತಾಗ ನೀರಿನ ಕ್ಯಾನ್ ಹಿಡಿದು ಬಂದ ನಿಮಗೆ ನಮಸ್ಕಾರ. ಹೆಸರು ಕೇಳುವುದೇ ಮರೆತಿತ್ತು. ಇಂಜಿನ್ ತಂಪಾಗಿಸುವ ನೀರಿರುವ ರೇಡಿಯೇಟರ್‌ನ ಮುಚ್ಚಳಕ್ಕೆ ಹಾಕಹೊರಟ ನನ್ನ ಕೈಯನ್ನು ತಡೆದಿರಲ್ಲ, ಅದೇ ದೊಡ್ಡ ಉಪಕಾರ: ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ, ಮುಚ್ಚಳ ತೆಗೆದರೆ ನೇರ ಮುಖಕ್ಕೇ. ಅರ್ಧ ಗಂಟೆ ಬಾನೆಟ್ ಎತ್ತಿಟ್ಟು, ದಪ್ಪ ಬಟ್ಟೆ ಹಾಕಿ ಕಾಲು ಸುತ್ತು ತಿರುಗಿಸಿ, ಬುಸ್ ಸದ್ದು ಅಡಗಿದ ಮೇಲೆ ಪೂರ್ತಿ ತೆಗೆಸಿದಿರಿ. ತಣ್ಣೀರು ಒಮ್ಮೆಲೇ ಸುರಿದರೆ ಇಂಜಿನ್ನಿನ ಮೇಲ್ಭಾಗವಾದ ಕಾದ ಸಿಲಿಂಡರ್ ಹೆಡ್ ಬಿರುಕು ಬಿಟ್ಟೀತೆಂದು, ಇಂಜಿನ್ ಓಡುತ್ತಿರುವಾಗಲೇ ಲೋಟ ಲೋಟವಾಗಿ ಹಾಕಿದಿರಿ. ರೇಡಿಯೇಟರ್‌ಗೆ ಗಾಳಿ ಎಳೆಯುವ ಫ್ಯಾನನ್ನು ತಿರುಗಿಸುವ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿದಾಗ ಕಾಯಿಲೆ ಸಿಕ್ಕಿತು: ಅರ್ಧ ಇಂಚು ಬಗ್ಗಬೇಕಾದ್ದು ಒಂದೂವರೆ ಇಂಚು ಬಗ್ಗುತ್ತಿತ್ತು. ಅದೇ ಬೆಲ್ಟಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ಬೋಲ್ಟ್ ಸಡಿಲಿಸಿ, ಬೆಲ್ಟ್ ಬಿಗಿಯಾಗುವಂತೆ ಡೈನಮೋವನ್ನು ಹೊರಕ್ಕೆಳೆದು ಬೋಲ್ಟ್ ಬಿಗಿದಿರಿ. ಆ ಕ್ಯಾನ್ ಮಾತ್ರ ಡಿಕ್ಕಿಯಲ್ಲೇ ಉಳಿದುಹೋಯಿತು, ಕ್ಷಮೆಯಿರಲಿ.