ಬ್ಯಾಂಡ್ ಮುಗಿದ ಮೇಲಿನ ಹಾಡುಗಳು

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ತಲೆಯಲ್ಲೇ ಕೂತಿದೆ. "ಡೈರ್ ಸ್ಟ್ರೇಟ್ಸ್ ಇದ್ದಾಗ ಮಾರ್ಕ್ ನಾಫ್ಲರ್ ಸೂಪರ್ ಅಮ್ಮಾ, ಆಮೇಲೆ ಯಾಕೋ ಡಲ್ ಆಗಿಬಿಟ್ಟ" ಅಂದೆ. ನಿನಗೆ ಕ್ಲಾಸಿಗೆ ಹೊತ್ತಾಗಿತ್ತು, ಫೋನ್ ಇಟ್ಟೆ. ಆದರೆ ಈ ಒಂದು ವಿಷಯದಲ್ಲಿ ಸುಮ್ನೆ ಬಿಡೋಕೆ ನನಗೆ ಮನಸ್ಸಿಲ್ಲ. ಆ ಇಂಗ್ಲಿಷ್ ರಾಕ್ ಬ್ಯಾಂಡಿಗೆ ಹಾಡು ಬರೆದು, ಹಾಡಿ, ಗಿಟಾರ್ ನುಡಿಸುತ್ತಿದ್ದ ಮನುಷ್ಯನ ನಿಜವಾದ ದೊಡ್ಡ ಕೆಲಸ ಬ್ಯಾಂಡ್ ಮುಗಿದ ಮೇಲೇ ಶುರುವಾಗಿದ್ದು ಅಂತ ನಾನು ನಂಬಿದ್ದೇನೆ. ಯಾಕೆ ಅಂತ ಹೇಳಬೇಕಾದರೆ ಕಾಗದವೇ ಬೇಕು.

ಅವನು ಬಿಟ್ಟು ಬಂದದ್ದು ಎಷ್ಟು ದೊಡ್ಡದು ಅಂತ ಮೊದಲು ನೋಡು. 1985ರಲ್ಲಿ ಬಂದ 'ಬ್ರದರ್ಸ್ ಇನ್ ಆರ್ಮ್ಸ್' ಮೂರು ಕೋಟಿ ಪ್ರತಿ ಖರ್ಚಾಯಿತು. ಸಿಡಿ ಅನ್ನೋದು ಆಗ ಹೊಸದು, ಜನ ಪ್ಲೇಯರ್ ಕೊಂಡ ಕೂಡಲೇ ತಂದಿಟ್ಟುಕೊಳ್ಳುತ್ತಿದ್ದ ಆಲ್ಬಂ ಅದು. 1991ರಲ್ಲಿ ಕೊನೆಯ ಆಲ್ಬಂ. ಅದರ ಹಿಂದೆಯೇ ದೇಶದಿಂದ ದೇಶಕ್ಕೆ, ಒಂದು ಸ್ಟೇಡಿಯಂನಿಂದ ಇನ್ನೊಂದಕ್ಕೆ ಮುಗಿಯದ ತಿರುಗಾಟ. 1992ರ ಅಕ್ಟೋಬರ್‌ನಲ್ಲಿ ಸ್ಪೇನಿನ ಸಾರಾಗೋಸಾದಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟರು. 1995ಕ್ಕೆ ಬ್ಯಾಂಡ್ ಪೂರ್ತಿ ಮುಗಿಯಿತು. ಎಲ್ಲ ತೀರಾ ದೊಡ್ಡದಾಗಿಬಿಟ್ಟಿತ್ತು ಅಂತ ಆಮೇಲೆ ಅವನೇ ಹೇಳಿಕೊಂಡಿದ್ದಾನೆ. ಮತ್ತೆ ಒಂದಾಗಿ ಅಂತ ಎಷ್ಟು ಜನ ಕೇಳಿದರೂ ಒಪ್ಪಲಿಲ್ಲ. 2018ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಬ್ಯಾಂಡನ್ನು ಸೇರಿಸಿದಾಗ ಆ ಸಮಾರಂಭಕ್ಕೂ ಹೋಗಲಿಲ್ಲ.

ಇನ್ನು ನನ್ನ ವಾದಕ್ಕೆ ಬರುತ್ತೇನೆ. ಗಿಟಾರ್‌ನಿಂದ ಹೊಟ್ಟೆ ತುಂಬಿಸಿಕೊಳ್ಳುವ ಮೊದಲು ನಾಫ್ಲರ್ ಪತ್ರಿಕೆಯವನು. ಲೀಡ್ಸ್ ಊರಿನ 'ಯಾರ್ಕ್‌ಷೈರ್ ಈವ್ನಿಂಗ್ ಪೋಸ್ಟ್'ನಲ್ಲಿ ವರದಿಗಾರನಾಗಿದ್ದ. ಆಮೇಲೆ ಇಂಗ್ಲಿಷ್ ಓದಿದ, ಕಾಲೇಜಿನಲ್ಲಿ ಪಾಠ ಮಾಡಿದ. ನೀನು ದಿನಾ ಪ್ರಾಕ್ಟೀಸ್ ಮಾಡುವ 'ಸುಲ್ತಾನ್ಸ್ ಆಫ್ ಸ್ವಿಂಗ್' ಇದೆಯಲ್ಲ, ಅದೂ ವರದಿಯೇ. ಖಾಲಿ ಹೊಡೆಯುತ್ತಿದ್ದ ಒಂದು ಪಬ್‌ನಲ್ಲಿ ಯಾರೂ ಕೇಳದ ಜಾಸ್ ಬ್ಯಾಂಡ್ ಒಂದನ್ನು ನೋಡಿ ಬರೆದದ್ದು. ಬ್ಯಾಂಡ್ ಬೆಳೆಯುತ್ತ ಹೋದ ಹಾಗೆ ಹಾಡುಗಳೂ ಸ್ಟೇಡಿಯಂನ ಕೊನೆ ಸಾಲಿನವರೆಗೂ ಮುಟ್ಟಬೇಕಾಯಿತು. ಅದು ನಿಂತ ಮೇಲೆ ಒಳಗಿದ್ದ ವರದಿಗಾರ ವಾಪಸ್ ಬಂದ. ನೀನು ಡಲ್ ಅಂದ ಆ ನಿಧಾನ ಇದೆಯಲ್ಲ, ಅದು ಒಬ್ಬರ ಕತೆಯನ್ನು ಕೂತು ಕೇಳಿಸಿಕೊಳ್ಳುವವನ ನಿಧಾನ ಕಣೇ.

1996ರ ಮೊದಲ ಸೋಲೋ ಆಲ್ಬಂ 'ಗೋಲ್ಡನ್ ಹಾರ್ಟ್' ಚೆನ್ನಾಗಿದೆ, ಆದರೆ ಅಲ್ಲಿಂದ ಶುರು ಮಾಡಬೇಡ. 2000ದಲ್ಲಿ ಬಂದ 'ಸೈಲಿಂಗ್ ಟು ಫಿಲಡೆಲ್ಫಿಯಾ' ಹಾಕು. ಅದೇ ಹೆಸರಿನ ಹಾಡನ್ನು ಎರಡು ಸಲ ಕೇಳು. ಹಾಡಿನಲ್ಲಿ ಇಬ್ಬರು ಮಾತಾಡುತ್ತಾರೆ. ಒಬ್ಬ ಜೆರಮಾಯಾ ಡಿಕ್ಸನ್, ಇಂಗ್ಲೆಂಡಿನ ಈಶಾನ್ಯ ಮೂಲೆಯ ಕಲ್ಲಿದ್ದಲ ಸೀಮೆಯವನು. ಅಂದರೆ ನಾಫ್ಲರ್ ಬೆಳೆದ ಕಡೆಯವನೇ. ಇನ್ನೊಬ್ಬ ಚಾರ್ಲ್ಸ್ ಮೇಸನ್, ಗ್ಲಾಸ್ಟರ್‌ಷೈರ್‌ನವನು, ಆಕಾಶ ನೋಡುವ ವಿಜ್ಞಾನಿ. ಇವರಿಬ್ಬರೂ 1763ರಿಂದ 1767ರವರೆಗೆ ಅಮೆರಿಕದ ಕಾಡುಮೇಡಿನಲ್ಲಿ ಪೆನ್ಸಿಲ್ವೇನಿಯಾ ಮತ್ತು ಮೇರಿಲ್ಯಾಂಡ್ ನಡುವೆ ಗಡಿ ಅಳೆದರು. ಮುಂದೆ ಗುಲಾಮಗಿರಿ ಇದ್ದ ರಾಜ್ಯ ಯಾವುದು, ಇಲ್ಲದ್ದು ಯಾವುದು ಅಂತ ಜನ ಗುರುತು ಹಿಡಿಯುತ್ತಿದ್ದದ್ದು ಆ ಗೆರೆಯಿಂದಲೇ. ಹಾಡಿನಲ್ಲಿ ಇದ್ಯಾವುದೂ ಇನ್ನೂ ಆಗಿಲ್ಲ. ಇಬ್ಬರೂ ಇನ್ನೂ ಹಡಗಿನಲ್ಲಿದ್ದಾರೆ. ಡಿಕ್ಸನ್ ಆಗಿ ನಾಫ್ಲರ್ ಹಾಡುತ್ತಾನೆ, ಅವನ ದನಿ ಒರಟು, ಅರ್ಧ ಮಾತಾಡಿದ ಹಾಗೇ ಇರುತ್ತದೆ. ಮೇಸನ್ ಆಗಿ ಅಮೆರಿಕದ ಗಾಯಕ ಜೇಮ್ಸ್ ಟೇಲರ್, ಅವನದು ನೀಟಾದ ದನಿ. ಒಬ್ಬನಿಗೆ ಹೊಸ ನಾಡಿನ ಆಸೆ, ಇನ್ನೊಬ್ಬನಿಗೆ ಅನುಮಾನ. ಇಷ್ಟನ್ನೂ ಎರಡು ದನಿಗಳ ವ್ಯತ್ಯಾಸದಲ್ಲೇ ಹೇಳಿಬಿಡುತ್ತಾನೆ. ಇಷ್ಟು ಕತೆಯನ್ನು ಒಂದು ರಾಕ್ ಹಾಡಿನೊಳಗೆ ಹಿಡಿಸಿದವರು ನನಗೆ ಗೊತ್ತಿದ್ದ ಹಾಗೆ ಜಾಸ್ತಿ ಜನ ಇಲ್ಲ.

ಗಿಟಾರ್ ಕಡಿಮೆ ಆಯ್ತು ಅಂತಾನೂ ಹೇಳಿದೆ ನೀನು. ಹಾಡಿನ ನಡುವೆ ಗಿಟಾರ್ ಮುಂದೆ ಬಂದು ನುಡಿಯುವ ಸೋಲೋಗಳು ಚಿಕ್ಕದಾದವು, ಅದು ನಿಜ. ಆದರೆ ಅದೇ ಆಲ್ಬಂನ ಮೊದಲ ಹಾಡು 'ವಾಟ್ ಇಟ್ ಈಸ್' ಅನ್ನು ಹೆಡ್‌ಫೋನ್ ಹಾಕಿಕೊಂಡು ಕೇಳು. ಪದಗಳ ಒಂದು ಸಾಲು ಮುಗಿಯುತ್ತೆ, ಅವನು ಉಸಿರು ತೆಗೆದುಕೊಳ್ಳುವ ಆ ಸ್ವಲ್ಪ ಜಾಗದಲ್ಲಿ ಗಿಟಾರ್ ಬಂದು ನಾಲ್ಕೈದು ಸ್ವರದಲ್ಲಿ ಉತ್ತರ ಕೊಟ್ಟು ಹೋಗುತ್ತೆ. ನಿನಗೆ ಗೊತ್ತಿರೋ ಹಾಗೆ ಅವನು ತಂತಿ ಮೀಟೋ ಪಿಕ್ ಹಿಡಿಯೋದಿಲ್ಲ. ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು, ಉಳಿದೆರಡು ಗಿಟಾರ್ ಮೈ ಮೇಲೆ ಊರಿರುತ್ತವೆ. ತಂತಿಗೆ ತಾಗೋದು ಬರೀ ಚರ್ಮ ಮತ್ತು ಉಗುರು. ಅದಕ್ಕೇ ಒಂದೊಂದು ಸ್ವರದ ತೂಕ ಬೇರೆ. ಮೆತ್ತಗೆ ತಾಗಿದ್ದೂ ಕೇಳುತ್ತೆ, ಕಿತ್ತ ಹಾಗೆ ಎಳೆದದ್ದೂ ಕೇಳುತ್ತೆ. ವೇಗ ಜಾಸ್ತಿ ಇದ್ದಾಗ ಈ ತೂಕ ಗಮನಕ್ಕೆ ಬರೋದೇ ಇಲ್ಲ. ಅವನೂ ನಿನ್ನ ಹಾಗೆ ಎಡಚ, ಗಿಟಾರ್ ಮಾತ್ರ ಬಲಗೈಯವರ ಹಾಗೆ ಹಿಡಿಯುತ್ತಾನೆ. ಹಾಗಾಗಿ ಬಲವಾದ ಎಡಗೈ ತಂತಿ ಒತ್ತಿ ಬಗ್ಗಿಸುವ ಕಡೆಗೇ ಇದೆ. ಇದನ್ನು ನಿನ್ನ ಕೈಯಲ್ಲೂ ನೋಡಿದ್ದೇನೆ ನಾನು.

2002ರ 'ದಿ ರ‍್ಯಾಗ್‌ಪಿಕರ್ಸ್ ಡ್ರೀಮ್'ನಲ್ಲಿ ಕೆಲಸ ಹುಡುಕಿಕೊಂಡು ಊರು ಬಿಟ್ಟವರ ಹಾಡುಗಳಿವೆ. 'ವೈ ಆಯ್ ಮ್ಯಾನ್' ಅನ್ನೋದು 80ರ ದಶಕದಲ್ಲಿ ಪ್ರಧಾನಿ ಥ್ಯಾಚರ್ ಕಾಲದ ನಿರುದ್ಯೋಗ ತಾಳಲಾರದೆ, ನಾಫ್ಲರ್ ಬೆಳೆದ ನ್ಯೂಕಾಸಲ್ ಕಡೆಯಿಂದ ಜರ್ಮನಿಗೆ ಗಾರೆ ಕೆಲಸಕ್ಕೆ ಹೋದ ಗಂಡಸರ ಹಾಡು. ನಿನ್ನ ಮಾವ ಮಸ್ಕತ್‌ನಿಂದ ರಜೆಗೆ ಬಂದಾಗ ಇದನ್ನು ಹಾಕಿ, ಪದಗಳ ಅರ್ಥ ಹೇಳಿದ್ದೆ. "ಇನ್ನೊಂದ್ಸಲ ಹಾಕು" ಅಂದ. ಅವನು ಇಂಗ್ಲಿಷ್ ಹಾಡು ಕೇಳುವವನೇ ಅಲ್ಲ.

2003ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ನಾಫ್ಲರ್ ಮೋಟಾರ್ ಬೈಕಿನಲ್ಲಿ ಹೋಗುತ್ತಿದ್ದಾಗ ಕಾರೊಂದು ಢಿಕ್ಕಿಯಾಯಿತು. ಕೊರಳೆಲುಬು, ಭುಜದೆಲುಬು, ಏಳು ಪಕ್ಕೆಲುಬು ಮುರಿದವು. ಗಿಟಾರ್ ಎತ್ತಿಕೊಳ್ಳೋಕೆ ತಿಂಗಳುಗಳೇ ಹಿಡಿದವು. ಆ ನೋವಿನಿಂದ ಎದ್ದು ಮಾಡಿದ ಆಲ್ಬಂ 2004ರ 'ಶಾಂಗ್ರಿ-ಲಾ'. ಆಸ್ಪತ್ರೆ, ಸಾವು, ದೇವರು ಅಂತೆಲ್ಲ ಬರೆದಿರುತ್ತಾನೆ ಅಂದುಕೊಂಡೇ ನಾನು ಸಿಡಿ ತಂದದ್ದು. ತನ್ನ ಬಗ್ಗೆ ಅಲ್ಲ ಪುಟ್ಟಿ, ಅಲ್ಲೂ ಬರೀ ಬೇರೆಯವರ ಸುದ್ದಿ! ಮೆಕ್‌ಡೊನಾಲ್ಡ್ಸ್ ಅನ್ನು ಊರೂರಿಗೆ ಹರಡಿದ ರೇ ಕ್ರಾಕ್, ಬಾಕ್ಸರ್ ಸನ್ನಿ ಲಿಸ್ಟನ್. ಮೊದಲ ಹಾಡು '5:15 ಎ.ಎಂ.' ಅಂತೂ ಪೂರಾ ಕ್ರೈಂ ವರದಿ. 1967ರಲ್ಲಿ ಅದೇ ಈಶಾನ್ಯ ಇಂಗ್ಲೆಂಡಿನ ಡರಮ್ ಸೀಮೆಯಲ್ಲಿ ನಿಜವಾಗಿ ನಡೆದ ಕೊಲೆ ಅದು. ಗಣಿಯ ಕೆಲಸ ಮುಗಿಸಿ ಬೆಳಗಿನ ಜಾವ ಮನೆಗೆ ಹೊರಟ ಕಾರ್ಮಿಕನೊಬ್ಬನಿಗೆ ಸೇತುವೆ ಕೆಳಗೆ ಜಾಗ್ವಾರ್ ಕಾರು ಕಾಣುತ್ತೆ, ಒಳಗೆ ಹೆಣ. ಜೂಜಿನ ಯಂತ್ರಗಳ ದುಡ್ಡಿನ ಜಗಳಕ್ಕೆ ಆದ ಕೊಲೆ. ಬೇರೆ ಯಾರಾದರೂ ಆಗಿದ್ದರೆ ಕೊಲೆಗಾರರ ಹಿಂದೆ ಹೋಗುತ್ತಿದ್ದರು. ಇವನ ಕಣ್ಣು ಆ ಗಣಿ ಕಾರ್ಮಿಕನನ್ನೂ ಅವನ ಹಾಗೆ ನೆಲದಡಿ ದುಡಿದವರನ್ನೂ ಬಿಡುವುದಿಲ್ಲ.

ಆ ಆಲ್ಬಂನ ಪ್ರವಾಸದಲ್ಲೇ 2005ರ ಮಾರ್ಚ್‌ನಲ್ಲಿ ಅವನು ಬೆಂಗಳೂರಿಗೆ ಬಂದದ್ದು. ಅರಮನೆ ಮೈದಾನ. ನೀನಿನ್ನೂ ಹುಟ್ಟಿರಲಿಲ್ಲ. ನಾನೂ ಅಪ್ಪನೂ ಹೋಗಿದ್ದೆವು. ಧೂಳು, ಸೆಕೆ, ನೂಕುನುಗ್ಗಲು. ನಮ್ಮ ಹಿಂದೆ ಇದ್ದ ಹುಡುಗರು ಪ್ರತಿ ಹಾಡು ಮುಗಿದಾಗಲೂ "ಸುಲ್ತಾನ್ಸ್! ಸುಲ್ತಾನ್ಸ್!" ಅಂತ ಕಿರುಚುತ್ತಿದ್ದರು. ಅದನ್ನು ನುಡಿಸಿದಾಗ ನಾನೂ ಕುಣಿದೆ, ಇಲ್ಲ ಅನ್ನೋದಿಲ್ಲ. ಆದರೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿರೋದು ಹೊಸ ಹಾಡುಗಳ ಹೊತ್ತಿನ ಅವನ ಮುಖ. ಹಳೆಯವನ್ನು ಪ್ರೀತಿಯಿಂದಲೇ ನುಡಿಸಿದ. ಹೊಸದು ಬಂದಾಗ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಭುಜ ಇಳಿಯುತ್ತಿತ್ತು, ಪಕ್ಕದವನು ನುಡಿಸೋದನ್ನು ತಲೆ ಓರೆ ಮಾಡಿ ಕೇಳುತ್ತಿದ್ದ. ಮುರಿದು ಕೂಡಿದ ಭುಜ ಅದು ಅಂತ ನನಗೆ ಪದೇಪದೇ ನೆನಪಾಗುತ್ತಿತ್ತು.

ಅಲ್ಲಿಂದ ಮುಂದೆ ಅವನು ನಿಂತೇ ಇಲ್ಲ. ಲಂಡನ್ನಿನ ಚಿಸಿಕ್‌ನಲ್ಲಿ 'ಬ್ರಿಟಿಷ್ ಗ್ರೋವ್' ಅಂತ ಸ್ವಂತ ಸ್ಟುಡಿಯೋ ಕಟ್ಟಿದ, ಇಎಂಐ ರೆಕಾರ್ಡ್ ಕಂಪನಿಯ ಹಳೇ ಮಿಕ್ಸಿಂಗ್ ಡೆಸ್ಕ್‌ಗಳನ್ನು ಹುಡುಕಿ ತಂದು ಹೊಸ ಯಂತ್ರಗಳ ಪಕ್ಕದಲ್ಲಿಟ್ಟ. ಎಮಿಲು ಹ್ಯಾರಿಸ್ ಜೊತೆ ವರ್ಷಗಟ್ಟಲೆ ಬಿಡುವಾದಾಗಲೆಲ್ಲ ಸ್ವಲ್ಪ ಸ್ವಲ್ಪ ಹಾಡಿ 2006ರಲ್ಲಿ ಒಂದು ಆಲ್ಬಂ ತಂದ. ಮಡಗಾಸ್ಕರ್‌ನಲ್ಲಿ ನೆಲ ಅಗೆಯುತ್ತ ಅವನ ಹಾಡು ಕೇಳುತ್ತಿದ್ದ ವಿಜ್ಞಾನಿಗಳು ಸಿಕ್ಕಿದ ಒಂದು ಡೈನೋಸಾರ್‌ಗೆ ಅವನ ಹೆಸರನ್ನೇ ಇಟ್ಟರು, ಇದಕ್ಕೆಲ್ಲ ಮೊದಲೇ, 2001ರಲ್ಲಿ. ಮಸಿಯಾಕಾಸಾರಸ್ ನಾಫ್ಲರೈ! ಚಿಕ್ಕವಳಿದ್ದಾಗ ನಿನಗೆ ಡೈನೋಸಾರ್ ಹುಚ್ಚು, ಆಗಲೇ ಹೇಳಬೇಕೆಂದಿದ್ದ ಸುದ್ದಿ ಇದು.

2009ರ 'ಗೆಟ್ ಲಕಿ'ಯ ಕೊನೆಯ ಹಾಡು 'ಪೈಪರ್ ಟು ದಿ ಎಂಡ್'. ಅವನ ತಾಯಿಯ ತಮ್ಮನೋ ಅಣ್ಣನೋ, ಅಂತೂ ಸೋದರಮಾವ ಫ್ರೆಡ್ಡಿ, ಸೈನ್ಯದಲ್ಲಿ ಬ್ಯಾಗ್‌ಪೈಪ್ ನುಡಿಸುತ್ತಿದ್ದ. 1940ರ ಮೇ ತಿಂಗಳಲ್ಲಿ ಫ್ರಾನ್ಸಿನಲ್ಲಿ ಯುದ್ಧದಲ್ಲಿ ಸತ್ತ. ಆಗ ವಯಸ್ಸು ಇಪ್ಪತ್ತು. ನಾಫ್ಲರ್ ಹುಟ್ಟಿದ್ದೇ 1949ರಲ್ಲಿ. ನೋಡೇ ಇರದ ಮಾವನಿಗೆ ಅರವತ್ತರ ಹೊಸ್ತಿಲಲ್ಲಿ ಹಾಡು ಕಟ್ಟಿದ. ಅದರಲ್ಲಿ ಗಿಟಾರ್ ಹಿಂದೆ ಸರಿದು ಪಿಟೀಲು, ಕೊಳಲಿಗೆ ಜಾಗ ಬಿಡುತ್ತೆ. ಮನೆಯಲ್ಲಿ ಕೇಳಿ ಬೆಳೆದ ಹೆಸರೊಂದನ್ನು ಅಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಅಂದರೆ ಸುಮ್ನೆ ಅಲ್ಲ, ಅಲ್ವಾ?

ಹಾಗೇ ಒಳಗಿಟ್ಟುಕೊಂಡ ಇನ್ನೊಬ್ಬರಿದ್ದಾರೆ. ನನಗೆ ಎಲ್ಲಕ್ಕಿಂತ ಹತ್ತಿರದ ಹಾಡು ಇದು, 2015ರ 'ಟ್ರ್ಯಾಕರ್'ನಲ್ಲಿರುವ 'ಬೇಸಿಲ್'. ಹದಿನೈದರ ಆಸುಪಾಸಿನಲ್ಲಿ ನಾಫ್ಲರ್ ಶನಿವಾರಗಳಲ್ಲಿ ನ್ಯೂಕಾಸಲ್ಲಿನ 'ಈವ್ನಿಂಗ್ ಕ್ರಾನಿಕಲ್' ಪತ್ರಿಕೆಯಲ್ಲಿ ಕಾಪಿ ಹುಡುಗನಾಗಿದ್ದ. ಒಬ್ಬರು ಬರೆದ ಹಾಳೆ ಇನ್ನೊಬ್ಬರ ಮೇಜಿಗೆ ಮುಟ್ಟಿಸುವ ಕೆಲಸ. ಅಲ್ಲಿ ಒಬ್ಬ ವಯಸ್ಸಾದ ಉಪಸಂಪಾದಕ ಕೂತಿರುತ್ತಿದ್ದ, ಬೇಸಿಲ್ ಬಂಟಿಂಗ್. ಒಳ್ಳೆಯ ಕವಿ, ಆದರೆ ಜನ ಮರೆತಿದ್ದರು. ಹೊಟ್ಟೆಪಾಡಿಗೆ ಆ ಕುರ್ಚಿ. 'ಬ್ರಿಗ್‌ಫ್ಲ್ಯಾಟ್ಸ್' ಅನ್ನುವ ಅವನ ದೊಡ್ಡ ಕವಿತೆ ಬಂದದ್ದು ಅದೇ ಕಾಲಕ್ಕೆ, ಅವನ ಅರವತ್ತೈದು ದಾಟುತ್ತಿದ್ದಾಗ. ಹುಡುಗನಿಗೆ ಕಂಡದ್ದು ಆ ಕೋಣೆಯಲ್ಲಿ ಯಾರ ಜೊತೆಗೂ ಸೇರದ ಒಬ್ಬ ಮುದುಕ. ಮುಂದೆ ಬದುಕೆಲ್ಲ ಕಾದಿರುವ ಹುಡುಗ, ಅದೆಲ್ಲ ಕಳೆದುಬಂದ ಕವಿ. ಸುಮಾರು ಐವತ್ತು ವರ್ಷ ಆದ ಮೇಲೆ ಈ ಹಾಡು ಬಂತು. ಆಗ ನಾಫ್ಲರ್‌ಗೂ ಅರವತ್ತೈದು. ಈ ಹಾಡನ್ನು ಇಪ್ಪತ್ತೈದರಲ್ಲಿ, ಸ್ಟೇಡಿಯಂ ತುಂಬ ಜನ ಕಿರುಚುತ್ತಿರುವಾಗ, ಯಾರಿಂದಲೂ ಬರೆಯೋಕಾಗಲ್ಲ. ಅದೇ ಆಲ್ಬಂನಲ್ಲಿ ಬೆರಿಲ್ ಬೇನ್‌ಬ್ರಿಜ್ ಬಗ್ಗೆಯೂ ಹಾಡಿದೆ. ಬೂಕರ್ ಪಟ್ಟಿಯಲ್ಲಿ ಐದು ಸಲ ಹೆಸರು ಬಂದು ಒಂದು ಸಲವೂ ಬಹುಮಾನ ಸಿಗದ ಕಾದಂಬರಿಗಾರ್ತಿ. ಸತ್ತ ಮೇಲೆ ವಿಶೇಷ ಬಹುಮಾನ ಅಂತ ಕೊಟ್ಟರು. ನಾಫ್ಲರ್‌ಗೆ ಸಿಟ್ಟು ಬಂದಿದೆ, ಹಾಡಿನಲ್ಲಿ ಗೊತ್ತಾಗುತ್ತೆ.

2019ರಲ್ಲಿ ಪ್ರವಾಸ ಸಾಕು ಅಂದ. 2024ರ ಜನವರಿಯಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ಗಿಟಾರ್, ಆಂಪ್‌ಗಳನ್ನು ಲಂಡನ್ನಿನ ಕ್ರಿಸ್ಟೀಸ್‌ನಲ್ಲಿ ಹರಾಜಿಗಿಟ್ಟ. 'ಮನಿ ಫಾರ್ ನಥಿಂಗ್' ನುಡಿಸಿದ ಲೆಸ್ ಪಾಲ್ ಗಿಟಾರ್ ಕೂಡ ಹೋಯಿತು. ಒಟ್ಟು 88 ಲಕ್ಷ ಪೌಂಡ್‌ಗೂ ಜಾಸ್ತಿ ಬಂತು, ಕಾಲು ಭಾಗ ರೆಡ್ ಕ್ರಾಸ್ ಸೇರಿ ಮೂರು ಸೇವಾ ಸಂಸ್ಥೆಗಳಿಗೆ. ಅದೇ ವರ್ಷ ಮಾರ್ಚ್‌ನಲ್ಲಿ, ಕ್ಯಾನ್ಸರ್ ಬಂದ ಹದಿಹರೆಯದವರ ಸಹಾಯಕ್ಕೆ, 1983ರಲ್ಲಿ ಸಿನಿಮಾಕ್ಕೆ ಮಾಡಿದ್ದ 'ಗೋಯಿಂಗ್ ಹೋಮ್' ಅನ್ನು ಅರವತ್ತಕ್ಕೂ ಹೆಚ್ಚು ಗಿಟಾರ್ ವಾದಕರನ್ನು ಸೇರಿಸಿ ಮತ್ತೆ ರೆಕಾರ್ಡ್ ಮಾಡಿದ. ಶುರುವಿನಲ್ಲಿ ಕೇಳೋದು ತೀರಿಹೋದ ಜೆಫ್ ಬೆಕ್ ಕೈ, ಅವನ ಕೊನೆಯ ರೆಕಾರ್ಡಿಂಗ್. ಏಪ್ರಿಲ್‌ನಲ್ಲಿ 'ಒನ್ ಡೀಪ್ ರಿವರ್' ಬಂತು. ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ನ್ಯೂಕಾಸಲ್ಲಿನ ಟೈನ್ ನದಿಯ ನೆನಪಿನಲ್ಲಿ ಹೊಸ ಆಲ್ಬಂ.

ಎಲ್ಲ ಒಟ್ಟಿಗೆ ಕೇಳಬೇಡ, ಬೇಜಾರಾಗುತ್ತೆ. ಮೊದಲು 'ಬೇಸಿಲ್', ಅದೂ ಪದಗಳನ್ನು ಎದುರಿಗಿಟ್ಟುಕೊಂಡು. ಆಮೇಲೂ ಡಲ್ ಅನ್ನಿಸಿದರೆ ಫೋನ್ ಮಾಡು, ಜಗಳಕ್ಕೆ ನಾನು ರೆಡಿ. ದೀಪಾವಳಿಗೆ ಬರುವಾಗ ಗಿಟಾರ್ ತಗೊಂಡೇ ಬಾ. 'ವಾಟ್ ಇಟ್ ಈಸ್'ನಲ್ಲಿ ಆ ಉತ್ತರ ಕೊಡುವ ಸ್ವರಗಳನ್ನು ನಿನ್ನ ಕೈಯಲ್ಲಿ ಕೇಳಬೇಕು ನನಗೆ, ಪಿಕ್ ಇಲ್ಲದೆ.

ನಿನ್ನ ಅಮ್ಮ