ಆ 6:40ರ ವಾಯ್ಸ್ ಮೆಸೇಜು, ಮತ್ತೆ ಅದನ್ನ ಪೂರ್ತಿ ಕೇಳಿಸ್ಕೊಂಡ ಪುಣ್ಯಾತ್ಗಿತ್ತಿ

ನಂಗೆ ಸ್ಟ್ರೋಕ್, ಅಂದ್ರೆ ಲಕ್ವ, ಹೊಡೆದು ಇವತ್ತಿಗೆ ಒಂದು ವರ್ಷ ಆಯ್ತು. ಇದನ್ನ ಮೂರು ದಿನದಿಂದ ಟೈಪ್ ಮಾಡ್ತಿದೀನಿ, ಬಲಗೈ ಹೆಬ್ಬೆರಳು ಇನ್ನೂ ಹೇಳಿದ ಮಾತು ಕೇಳಲ್ಲ, ಎಡಗೈಯಲ್ಲೇ ಒತ್ತಬೇಕು, ಅದಕ್ಕೆ ಎಲ್ಲಾದ್ರೂ ಒತ್ತಕ್ಷರ ಕೈಕೊಟ್ಟಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದಾರೆ, ಕೆಲವರಿಗೆ ಆಗಲೇ ಎದುರಿಗೇ ಹೇಳಿದೀನಿ, ಆದ್ರೆ ಆಗ ನಾಲಿಗೆ ಹೊರಳ್ತಿರ್ಲಿಲ್ಲ, ನಾನು ಅಂದಿದ್ದು ಅವರಿಗೆ ಏನಂತ ಕೇಳಿಸ್ತೋ ದೇವರಿಗೇ ಗೊತ್ತು.

ವಿಷಯ ಗೊತ್ತಿಲ್ಲದವರಿಗೆ ಹೇಳ್ತೀನಿ. ನಂಗೆ ಈಗ 71. ದೇಶ ಬಿಟ್ಟು ಬಂದು ಮೂವತ್ತು ವರ್ಷದ ಮೇಲಾಯ್ತು, ಮನೆಯವರು ಹೋಗಿ ಆರು ವರ್ಷ, ಮಗಳು ಮತ್ತಿನ್ಯಾವುದೋ ದೇಶದಲ್ಲಿ, ಅವಳಿಗೆ ಬೆಳಗಾದಾಗ ನಂಗೆ ಮಲಗೋ ಹೊತ್ತು. ಒಬ್ಬಳೇ ಇರೋದು. ಒಬ್ಬಳೇ ಇರೋದು ಕಷ್ಟ ಅಂತ ನಂಗೆ ಯಾವತ್ತೂ ಅನ್ನಿಸಿರ್ಲಿಲ್ಲ, ಸುಮ್ನೆ ಜಂಬ ಕೊಚ್ಕೊಳ್ತಿದ್ದೆ ಕೂಡ. ನಮ್ಮ ಥರದವರದ್ದೇ ಒಂದು ವಾಟ್ಸಾಪ್ ಗುಂಪಿದೆ, ಹನ್ನೊಂದು ಜನ, ಎಲ್ಲ ಅರವತ್ತು ದಾಟಿದವರು, ದಿನಾ ಬೆಳಗ್ಗೆ ಎದ್ದ ತಕ್ಷಣ ಅದಕ್ಕೊಂದು ವಾಯ್ಸ್ ಮೆಸೇಜ್ ಹಾಕೋದು ನನ್ನ ಚಟ. ಮಕ್ಕಳು ನಗ್ತಾರೆ, ಗುಡ್ ಮಾರ್ನಿಂಗ್ ಆಂಟಿ ಅಂತ ಹೆಸರಿಟ್ಟಿದಾರೆ. ಇಡಲಿ.

ಆವತ್ತೂ 6:40ಕ್ಕೆ ಹಾಕಿದೆ. ಎರಡು ನಿಮಿಷದ್ದು. ಮಂಡಿ ನೋವು, ಲಿಫ್ಟ್ ಕೆಟ್ಟು ವಾರ ಆಯ್ತು, ಯಾರೂ ಒಂದು ಫೋನ್ ಮಾಡಲ್ಲ, ಇಷ್ಟೇ. ಆಮೇಲೆ ಏಳೂವರೆ ಸುಮಾರಿಗೆ ಸಿಂಕ್ ಹತ್ರ ನಿಂತಿದ್ದೆ, ಬಲಗೈಲಿದ್ದ ಗಾಜಿನ ಲೋಟ ಜಾರ್ತು. ಜಾರಿದ್ದು ಕಣ್ಣಿಗೆ ಕಾಣ್ತು ಆದ್ರೆ ಕೈಗೆ ಗೊತ್ತಾಗ್ಲಿಲ್ಲ, ಬೇರೆ ಯಾರದ್ದೋ ಕೈಯಿಂದ ಬಿದ್ದ ಹಾಗಿತ್ತು. ನೋವಿಲ್ಲ, ತಲೆ ಸುತ್ತಿಲ್ಲ, ಏನೂ ಇಲ್ಲ. ರಾತ್ರಿ ಕೈ ಮೇಲೆ ಮಲಗಿರ್ಬೇಕು ಜೋಮು ಹಿಡಿದಿದೆ ಅನ್ಕೊಂಡು ಗಾಜು ಬಾಚೋಕೆ ಪೊರಕೆ ಹುಡುಕ್ತಾ ಇದ್ದೆ, ನೋಡಿ ಬುದ್ಧಿ ಹೆಂಗಿತ್ತು ಅಂತ.

ಎದುರು ಮನೆ ಹುಡುಗಿ ಬೆಲ್ ಮಾಡಿದ್ದು ಆಗ. ನನ್ನ ಪಾರ್ಸೆಲ್ ಯಾವುದೋ ಅವಳ ಮನೆಗೆ ಹೋಗಿತ್ತು. ಅವಳ ಭಾಷೆ ನಂಗೆ ಬರಲ್ಲ, ನಂದು ಅವಳಿಗೆ ಬರಲ್ಲ, ಇಬ್ಬರೂ ಈ ಊರಿನ ಭಾಷೇನ ಹರಕುಮುರುಕಾಗಿ ಆಡ್ಕೊಂಡು ನಾಲ್ಕು ವರ್ಷ ಕಳೆದಿದೀವಿ. ನಾನು ಬಾಗಿಲು ತೆಗೆದು ಏನೋ ಹೇಳಿದೆ, ನನ್ನ ತಲೇಲಿ ಅದು ಸರಿಯಾಗೇ ಇತ್ತು, ಬಾಯಿಂದ ಬಂದಿದ್ದು ಬರೀ ತೊದಲು. ಬೇರೆ ಯಾರಾದ್ರೂ ಆಗಿದ್ರೆ ಮುದುಕಿಗೆ ನಿದ್ದೆ ಸಾಲದು ಅನ್ಕೊಂಡು ಪಾರ್ಸೆಲ್ ಇಟ್ಟು ಹೋಗ್ತಿದ್ರು. ಅವಳು ನನ್ನ ಮುಖ ನೋಡಿ, ನಗಿ ಅಂದ್ಲು. ಆಮೇಲೆ ಎರಡೂ ಕೈ ಎತ್ತಿ ಅಂದ್ಲು. ಬಾಯಿ ಒಂದೇ ಕಡೆಗೆ ಸೊಟ್ಟಗಾಯ್ತಂತೆ, ಬಲಗೈ ಎತ್ತಿದ್ದು ಮೆಲ್ಲಗೆ ಇಳಿದುಹೋಯ್ತಂತೆ. ಆಫೀಸಲ್ಲಿ ಯಾವಾಗಲೋ ಫಸ್ಟ್ ಏಡ್ ಟ್ರೇನಿಂಗಲ್ಲಿ ಹೇಳಿಕೊಟ್ಟಿದ್ರಂತೆ, ಮುಖ, ಕೈ, ಮಾತು, ಈ ಮೂರರಲ್ಲಿ ಒಂದು ಕೆಟ್ಟರೂ ಕಾಯಬೇಡಿ ಆಂಬುಲೆನ್ಸ್ ಕರೀರಿ ಅಂತ. ಕರೆದ್ಲು. ನಾನು ಕೈಸನ್ನೆ ಮಾಡಿ ನೀರು ಕೇಳಿದ್ರೆ ಕೊಡಲಿಲ್ಲ, ಆಗ ಎಷ್ಟು ಸಿಟ್ಟು ಬಂತು ಅಂದ್ರೆ! ನುಂಗೋ ಶಕ್ತಿ ಹೋಗಿದ್ರೆ ಒಂದು ಗುಟುಕು ನೀರೂ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಮಾಡಬಹುದಂತೆ, ಫೋನಲ್ಲಿದ್ದವರು ಬಾಯಿಗೆ ಏನೂ ಹಾಕಬೇಡಿ, ಆಸ್ಪಿರಿನ್ ಕೂಡ ಬೇಡ ಅಂದಿದ್ರಂತೆ. ಕೊಡದೆ ಇದ್ದಿದ್ದಕ್ಕೆ ಥ್ಯಾಂಕ್ಸ್ ಕಣಮ್ಮ. ಈ ಬರಹ ನಿಂಗೆ ಓದೋಕೆ ಬರಲ್ಲ, ನಾನೇ ಕೂತು ಹೇಳ್ತೀನಿ.

ಈಗ ಮುಖ್ಯ ವಿಷಯ. ಆಂಬುಲೆನ್ಸಿನವರು ಬಂದು ಬೆರಳು ಚುಚ್ಚಿ ಶುಗರ್ ನೋಡಿದ್ರು, ಶುಗರ್ ತೀರಾ ಇಳಿದ್ರೂ ಹೀಗೇ ಆಗತ್ತಂತೆ. ಅದು ಸರಿಯಿತ್ತು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, ಇವರನ್ನ ಕೊನೇ ಸಲ ಚೆನ್ನಾಗಿದ್ದಿದ್ದು ನೋಡಿದ್ದು ಯಾವಾಗ? ಕಾಯಿಲೆ ಶುರುವಾಗಿದ್ದು ಯಾವಾಗ ಅಂತ ಅಲ್ಲ. ಯಾಕಂದ್ರೆ ಮೆದುಳಿನ ರಕ್ತನಾಳಕ್ಕೆ ಸಿಕ್ಕಿಕೊಂಡ ಹೆಪ್ಪು ಕರಗಿಸೋ ಇಂಜೆಕ್ಷನ್ನನ್ನ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಆ ಗಡಿಯಾರ ಶುರುವಾಗೋದು ನೀವು ಕೊನೇ ಸಲ ನೆಟ್ಟಗಿದ್ದ ಹೊತ್ತಿಂದ. ಹುಡುಗಿ ನಿಜಾನೇ ಹೇಳಿದ್ಲು ಪಾಪ, ನಿನ್ನೆ ಸಾಯಂಕಾಲ ಏಳು ಗಂಟೆಗೆ ಮೆಟ್ಟಿಲ ಮೇಲೆ ನೋಡಿದೆ ಅಂತ. ಲೆಕ್ಕ ಹಾಕಿ, ಹನ್ನೆರಡು ಗಂಟೆ ದಾಟಿಹೋಯ್ತು. ತಡವಾದ್ರೂ ಕೆಲವರಿಗೆ ಸ್ಕ್ಯಾನ್ ನೋಡಿ ಬೇರೆ ದಾರಿ ಮಾಡ್ತಾರಂತೆ, ಆದ್ರೆ ಎಲ್ಲರಿಗೂ ಅಲ್ಲ. ಇಲ್ಲ ಇಲ್ಲ ಈಗ ತಾನೇ ಆಗಿದ್ದು ಅಂತ ನಾನು ಒಳಗೊಳಗೇ ಕೂಗ್ತಿದೀನಿ, ಬಾಯಲ್ಲಿ ಬರ್ತಿರೋದು ಬ ಬ ಬ.

ಅಷ್ಟರಲ್ಲಿ ನನ್ನ ಫೋನ್ ಹೊಡ್ಕೊಂಡಿದೆ. ಗುಂಪಿನ ಹನ್ನೊಂದು ಜನರಲ್ಲಿ ನನ್ನ ವಾಯ್ಸ್ ಮೆಸೇಜನ್ನ ಕೊನೇವರೆಗೂ ಕೇಳೋಳು ಒಬ್ಬಳೇ ಅಂತ ನಂಗೆ ಆಮೇಲೆ ಗೊತ್ತಾಯ್ತು (ಉಳಿದವರು ಬೆರಳೆತ್ತಿರೋ ಚಿತ್ರ ಒತ್ತಿ ಮುಂದೆ ಹೋಗ್ತಾರೆ, ನೀವು ಯಾರ್ಯಾರು ಅಂತ ನಂಗೊತ್ತು). ಯಾರೂ ಫೋನ್ ಮಾಡಲ್ಲ ಅಂದಿದ್ನಲ್ಲ, ಅದಕ್ಕೇ ಮಾಡಿದ್ಲು, ಬೈಯೋಕೆ. ಹುಡುಗಿ ಫೋನ್ ಎತ್ತಿ ವಿಷಯ ಹೇಳಿದ್ಲು, ಇವಳು ಆ ಕಡೆಯಿಂದ ಕಿರುಚಿದ್ಲು, 6:40ಕ್ಕೆ ಅವಳು ಚೆನ್ನಾಗಿದ್ಲು, ನನ್ನ ಹತ್ರ ಪ್ರೂಫ್ ಇದೆ ಅಂತ! ಆಂಬುಲೆನ್ಸಿನವರು ಅದನ್ನ ಪ್ಲೇ ಮಾಡಿಸಿದ್ರಂತೆ. ಕನ್ನಡ ಅವರಿಗೆಲ್ಲಿ ಅರ್ಥ ಆಗಬೇಕು, ಮಾತು ತೊದಲ್ತಿದೆಯಾ, ಪದಗಳು ಸರಿಯಿವೆಯಾ, ಅಂತ ಇವಳನ್ನೇ ಕೇಳಿದ್ರಂತೆ. ಎರಡು ನಿಮಿಷ ಉಸಿರು ತಗೊಳ್ದೆ ಎಲ್ಲರನ್ನೂ ಬೈದಿದಾಳೆ, ಒಂದು ಪದಾನೂ ಅತ್ತಿತ್ತ ಹೋಗಿಲ್ಲ ಅಂದ್ಲಂತೆ ಇವಳು. ಅವರು ಬರ್ಕೊಂಡ್ರು, 6:40.

ಆಸ್ಪತ್ರೇಲಿ ಮೊದಲು ಸಿಟಿ ಸ್ಕ್ಯಾನ್. ತಲೆಯೊಳಗೆ ರಕ್ತ ಸೋರಿದ್ರೆ ಇದೇ ಇಂಜೆಕ್ಷನ್ ಪ್ರಾಣ ತೆಗೆಯತ್ತೆ, ಹೊರಗಿಂದ ನೋಡಿ ಸೋರಿದ್ದೋ ಕಟ್ಟಿದ್ದೋ ಯಾರಿಗೂ ಹೇಳೋಕಾಗಲ್ಲ. ಕಟ್ಟಿದ್ದು ಅಂತ ಗೊತ್ತಾಯ್ತು. ನನ್ನ ಬಿಪಿ 198 ಇತ್ತು, 185ರ ಕೆಳಗೆ ಇಳಿಸದೆ ಆ ಇಂಜೆಕ್ಷನ್ ಕೊಡೋ ಹಾಗಿಲ್ಲ, ಅದಕ್ಕೊಂದಿಷ್ಟು ಹೊತ್ತು ಹೋಯ್ತು. 9:25ಕ್ಕೆ ಕೊಟ್ರು. ಇಂಥ ದೊಡ್ಡ ಸ್ಟ್ರೋಕಲ್ಲಿ ಸುಮ್ನಿದ್ರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯತ್ತೆ ಅಂತ ಆಮೇಲೆ ಡಾಕ್ಟರ್ ಹೇಳಿದ್ರು, ನಾನು ಪೊರಕೆ ಹುಡುಕಿದ ಹೊತ್ತಿಗೆ ಎಷ್ಟು ಲಕ್ಷ ಹೋಯ್ತೋ.

ಎರಡನೇ ರಾತ್ರಿ. ಇದನ್ನ ಬರೀದೆ ಇರೋಕೆ ಆಗಲ್ಲ. ಮೂವತ್ತು ವರ್ಷ ದುಡಿದ, ಕನಸು ಕಂಡ ಈ ದೇಶದ ಭಾಷೆ ಒಂದಕ್ಷರ ನಾಲಿಗೆಗೆ ಬರ್ತಿಲ್ಲ. ನಂಗೆ ಕಣ್ಣು ಕಾಣ್ತಿಲ್ಲ, ಕನ್ನಡಕ ಬೇಕಿತ್ತು. ಹೇಗೋ ಕಷ್ಟಪಟ್ಟು ಕನ್ನಡ, ಕನ್ನಡ ಅಂದೆ, ಕೊನೇ ಕ ಬರ್ಲಿಲ್ಲ. ನೈಟ್ ಡ್ಯೂಟಿ ನರ್ಸ್ ನನ್ನ ಫೈಲ್ ತಿರುಗಿಸಿ ನೋಡಿದ್ರು, ಮಾತೃಭಾಷೆ ಅನ್ನೋ ಕಡೆ ಅದೇ ಇತ್ತಲ್ಲ, ತಲೆ ಅಲ್ಲಾಡಿಸಿ ಹೊರಗೆ ಹೋದ್ರು. ಇಪ್ಪತ್ತು ನಿಮಿಷ ಬಿಟ್ಟು ಬಂದು ಒಂದು ಫೋನ್ ನನ್ನ ಎಡಗಿವಿಗೆ ಹಿಡಿದ್ರು. ಆ ಕಡೆಯಿಂದ ಒಂದು ಗಂಡಸಿನ ದನಿ, ನಮಸ್ಕಾರ ಅಮ್ಮ, ನಾನು ಇಂಟರ್‌ಪ್ರಿಟರ್, ಹೇಳಿ ಏನು ಬೇಕು ಅಂತ. ನಾನು ಗೊಳೋ ಅಂತ ಅತ್ತುಬಿಟ್ಟೆ. ಅವರು ಫೋನ್ ಇಡದೆ ಸುಮ್ನೆ ಕಾದ್ರು, ಪರವಾಗಿಲ್ಲ ಅಮ್ಮ ನಿಧಾನ ಅಂತ ಮಧ್ಯೆ ಮಧ್ಯೆ. ಕೊನೆಗೆ ಆ ಕ ಸಿಕ್ತು. ಕನ್ನಡಕ. ಅವರು ನಕ್ಕಿದ್ದು ಕೇಳಿಸ್ತು. ಅವರ ಹೆಸರು ನಂಗೆ ಗೊತ್ತಿಲ್ಲ, ಎಲ್ಲಿ ಕೂತು ಮಾತಾಡ್ತಿದ್ರೋ ಅದೂ ಗೊತ್ತಿಲ್ಲ. ಅಣ್ಣಾ, ನೀವಿದನ್ನ ಓದ್ತಿದ್ರೆ, ಕನ್ನಡಕ ಆಮೇಲೆ ದಿಂಬಿನ ಕೆಳಗೇ ಸಿಕ್ತು.

ಸ್ಪೀಚ್ ಥೆರಪಿಯವರಿಗೆ ಈ ಕಥೆ ಬಹಳ ಇಷ್ಟ ಆಯ್ತು. ಮೊದಲು ಕಲಿತ ಭಾಷೆ ಮೊದಲು ವಾಪಸ್ ಬರತ್ತೆ ಅಂತ ರಿಬೋ ಅನ್ನೋರು, ಅಲ್ಲ ಹೆಚ್ಚು ಬಳಸಿದ್ದು ಮೊದಲು ಬರತ್ತೆ ಅಂತ 1895ರಲ್ಲಿ ಪಿತ್ರ್ ಅನ್ನೋರು, ಇಬ್ಬರೂ ಫ್ರೆಂಚರು, ಆಗಿಂದ ಇದರ ಚರ್ಚೆ ನಡೀತಿದೆಯಂತೆ, ನಿಜವಾಗಿ ನೋಡಿದ್ರೆ ಹೆಚ್ಚಿನವರಿಗೆ ಎಲ್ಲ ಭಾಷೇನೂ ಒಟ್ಟೊಟ್ಟಿಗೇ ಬರತ್ತಂತೆ. ನಂದು ಮಾತ್ರ ಹಟಮಾರಿ. ಐದು ತಿಂಗಳು ಅವರು ಚಿತ್ರ ತೋರಿಸಿ ಹೆಸರು ಹೇಳಿಸಿದ್ರು, ಬೀಗದ ಕೈ ತೋರಿಸಿದ್ರೆ ಬಾಚಣಿಗೆ ಅಂತಿದ್ದೆ, ತಪ್ಪು ಅಂತ ಗೊತ್ತಾಗೋದು, ಸರಿಯಾದ್ದು ಸಿಗದು. ಒಂದು ಸಲಾನೂ ಅವರು ಅವಸರ ಮಾಡಿ ಬಾಯಿಗೆ ಪದ ತುರುಕಲಿಲ್ಲ. ಮಗಳು ಆರು ವಾರ ರಜ ಹಾಕಿ ಬಂದು ಇದ್ದವಳು ತುರುಕ್ತಿದ್ಲು, ಪ್ರೀತಿಗೆ. ಅವಳಿಗೂ ಥ್ಯಾಂಕ್ಸ್, ಬಂದಿದ್ದಕ್ಕೆ ಮತ್ತೆ ಹೊರಟಿದ್ದಕ್ಕೆ ಎರಡಕ್ಕೂ.

ಇನ್ನು ನನ್ನ ತಪ್ಪು. ಮಾನಿಟರ್ ಹಾಕಿದ ಮೇಲೆ ಗೊತ್ತಾಗಿದ್ದು, ಎದೆಬಡಿತ ತಾಳ ತಪ್ಪಿತ್ತು, ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡದೆ ಬರೀ ಅದುರತ್ತೆ, ರಕ್ತ ಅಲ್ಲಿ ನಿಂತು ಹೆಪ್ಪಾಗತ್ತೆ, ಅದು ಮೇಲಕ್ಕೆ ಹೊರಡತ್ತೆ. ಇದು ಇರೋರಿಗೆ ಸ್ಟ್ರೋಕಿನ ಅಪಾಯ ಸುಮಾರು ಐದು ಪಟ್ಟು. ಎದೆ ಢವಢವ ಅನ್ನೋದು ತಿಂಗಳುಗಟ್ಟಲೆ ಇತ್ತು, ನಾನು ಲಿಫ್ಟ್ ಮೇಲೆ ಹಾಕ್ತಿದ್ದೆ. ನಮ್ಮವರ ಒಂದು ಖಾಯಿಲೆ ಇದೆಯಲ್ಲ, ಊರಿಗೆ ಹೋದಾಗ ತೋರಿಸ್ತೀನಿ ಅನ್ನೋದು. ಇಲ್ಲಿ ಡಾಕ್ಟರಿಗೆ ಬಿಡಿಸಿ ಹೇಳೋಕೆ ಬೇಜಾರು, ಅಪಾಯಿಂಟ್‌ಮೆಂಟಿಗೆ ಕಾಯೋಕೆ ಬೇಜಾರು, ಬಿಪಿ ಮಾತ್ರೆ ಒಂದು ವರ್ಷಕ್ಕಾಗೋಷ್ಟು ಸೂಟ್‌ಕೇಸಲ್ಲಿ ತರೋದು, ಆ ವರ್ಷ ಊರಿಗೆ ಹೋಗೋದು ಮುಂದಕ್ಕೆ ಹೋಯ್ತು, ಅದಕ್ಕೆ ಆಮ್ಲೋಡಿಪಿನ್ 5 ಎಂಜಿನ ಅರ್ಧ ಮುರಿದು ತಗೊಳ್ತಾ ಉಳಿತಾಯ ಮಾಡ್ತಿದ್ದೆ, ಜೊತೆಗೆ ಮಂಡಿಗೆ ಅಂತ ದಿನಾ ಐಬುಪ್ರೊಫೆನ್, ಅದು ಬಿಪಿ ಏರಿಸತ್ತೆ ಅಂತ ನಂಗೆ ಯಾರು ಹೇಳಿದ್ರು, ನಾನು ಯಾರನ್ನ ಕೇಳಿದ್ದೆ.

ಮೆಡಿಕಲ್ ಶಾಪಿನ ಆ ಹುಡುಗನಿಗೂ ದೊಡ್ಡ ಥ್ಯಾಂಕ್ಸ್. ಊರಿನ ಬ್ರ್ಯಾಂಡ್ ಹೆಸರು ಇಲ್ಲಿ ಯಾರಿಗೂ ಗೊತ್ತಾಗಲ್ಲ, ಅವನು ಅರ್ಧ ಗಂಟೆ ಕೂತು ನನ್ನ ಎಲ್ಲ ಖಾಲಿ ಸ್ಟ್ರಿಪ್ಪುಗಳ ಹಿಂಭಾಗ ಓದಿ ಒಂದು ಹಾಳೆ ಮೇಲೆ ಅಸಲಿ ಔಷಧಿ ಹೆಸರು, ಪ್ರಮಾಣ, ಹೊತ್ತು ಬರೆದುಕೊಟ್ಟ. ಅದು ನನ್ನ ಪರ್ಸಲ್ಲಿದೆ, ಒಂದು ಕಾಪಿ ಎದುರು ಮನೇಲಿದೆ, ಒಂದು ಬೀಗದ ಕೈ ಕೂಡ ಅಲ್ಲೇ. ರಕ್ತ ತೆಳು ಮಾಡೋ ಅಪಿಕ್ಸಬ್ಯಾನ್ ದಿನಕ್ಕೆರಡು ಸಲ, ಹನ್ನೆರಡು ಗಂಟೆ ಅಂತರ, ಐಬುಪ್ರೊಫೆನ್ ಪೂರ್ತಿ ಬಂದ್, ಎರಡೂ ಸೇರಿದ್ರೆ ರಕ್ತಸ್ರಾವ. ಮಂಡಿಗೆ ಈಗ ಪ್ಯಾರಾಸಿಟಮಾಲೇ ಗತಿ. ಡಿಸ್ಚಾರ್ಜ್ ಕಾಗದದಲ್ಲಿ ಶುಗರ್ 7.9 ಅಂತಿದ್ದಿದ್ದು ನೋಡಿ ಊರಲ್ಲಿ ನನ್ನ ತಂಗಿ ಅಯ್ಯೋ ಬದುಕಿದೀಯಾ ಅಂದ್ಲು, ಇಲ್ಲಿನ ಲೆಕ್ಕವೇ ಬೇರೆ ಕಣೇ, 18ರಿಂದ ಗುಣಿಸಿದ್ರೆ ನಿಮ್ಮ 142 ಅಂತ ಅದೇ ಹುಡುಗ ಹೇಳಿಕೊಟ್ಟಿದ್ದನ್ನ ಒಪ್ಪಿಸಿದೆ. ಇನ್ಶೂರೆನ್ಸಿನವರ ಬಗ್ಗೆ ಬರೆಯಲ್ಲ, ಇದು ಥ್ಯಾಂಕ್ಸ್ ಹೇಳೋ ಬರಹ.

ಗುಂಪಲ್ಲಿ ಈಗ ಎಲ್ಲರೂ ಬೆಳಗ್ಗೆ ಬಾಯಿಬಿಟ್ಟು ಮಾತಾಡಿ ಹಾಜರಿ ಹಾಕಬೇಕು, ಚಿತ್ರ ಒತ್ತಿದ್ರೆ ನಡೆಯಲ್ಲ, ಎಂಟು ಗಂಟೆಯೊಳಗೆ ದನಿ ಬರದಿದ್ರೆ ಫೋನ್ ಹೋಗತ್ತೆ. ಇದುವರೆಗೂ ಹೋಗಿದ್ದೆಲ್ಲ ಮಲಗಿದ್ದವರಿಗೇ, ಬೈಸ್ಕೊಂಡಿದೀವಿ. ನನ್ನ ಆ ಹಳೇ ಮೆಸೇಜನ್ನ ಅವಳು ಇನ್ನೂ ಡಿಲೀಟ್ ಮಾಡಿಲ್ಲ. ಮೊನ್ನೆ ಕೇಳಿಸಿದ್ಲು. ಎಷ್ಟು ಜೋರಾಗಿ, ಎಷ್ಟು ಬೇಗ ಬೇಗ ಮಾತಾಡ್ತಿದ್ದೆ ನಾನು! ಈಗ ಅದೇ ಮಾತಿಗೆ ನಾಲ್ಕು ನಿಮಿಷ ಬೇಕು. ನಾಳೆ 6:40ಕ್ಕೆ ಬರ್ತೀನಿ, ಮಂಡಿ ವಿಷಯ ಬಾಕಿ ಇದೆ, ಲಿಫ್ಟ್ ಮತ್ತೆ ಕೆಟ್ಟಿದೆ, ಡಬಲ್ ಸ್ಪೀಡಲ್ಲಿ ಹಾಕ್ಕೊಂಡು ಕೇಳಬೇಡಿ.