ಚೇತೂ, ಆ ಎರಡು ಪಾರ್ಕಿಂಗ್ ನೋಟಿಸ್ ಕವರ್ ವಿಷಯ

ಪ್ರೀತಿಯ ಚೇತುಗೆ ಮಾವನ ಆಶೀರ್ವಾದ.

ನಿನ್ನೆ ರಾತ್ರಿ ವಾಟ್ಸಾಪಲ್ಲಿ ಕಳ್ಸಿದ ಫೋಟೋ ಎಲ್ಲಾ ನೋಡ್ದೆ. ಫೋನಲ್ಲಿ ಹೇಳೋಕೆ ಹೋದ್ರೆ ನೀನು ಹೂಂ ಹೂಂ ಅಂದು ಇಟ್ಟಮೇಲೆ ಮರ್ತುಬಿಡ್ತೀಯ, ಅದಕ್ಕೇ ಕೂತು ಟೈಪ್ ಮಾಡ್ತಿದೀನಿ, ನಿಧಾನಕ್ಕೆ ಓದು.

ದುಡ್ಡು ಬಿಸಾಕಿ ಕೈ ತೊಳ್ಕೊಳ್ಲಾ, ಇಲ್ಲಾ ಕೋರ್ಟಿಗೇ ಬನ್ನಿ ಅನ್ಲಾ ಅಂತ ಕೇಳಿದೀಯ. ಎರಡೂ ಕವರ್‌ಗೆ ಒಂದೇ ಉತ್ತರ ಇಲ್ಲ ಕಣೋ. ಒಂದ್ರಲ್ಲಿ ತಪ್ಪು ನಿಂದು, ಇನ್ನೊಂದ್ರಲ್ಲಿ ಅಲ್ಲ. ನೀನು ಎರಡನ್ನೂ ಒಂದೇ ರಬ್ಬರ್ ಬ್ಯಾಂಡ್ ಹಾಕಿ ಡ್ರಾಯರ್‌ನಲ್ಲಿ ಇಟ್ಟಿರೋದೇ ನಿನ್ ತಲೆಬಿಸಿಗೆ ಕಾರಣ.

ಮೊದ್ಲು ಭಯ ಬಿಡು. ಇದು ಪೊಲೀಸ್ ಫೈನೂ ಅಲ್ಲ, ಕೌನ್ಸಿಲ್‌ನವ್ರ ಪೆನಾಲ್ಟಿ ಚಾರ್ಜ್ ನೋಟಿಸೂ ಅಲ್ಲ. ಪ್ರೈವೇಟ್ ಕಂಪನಿಯ ಪಾರ್ಕಿಂಗ್ ಚಾರ್ಜ್ ನೋಟಿಸ್, ಕೌನ್ಸಿಲ್‌ನವ್ರದಕ್ಕೂ ಇವ್ರದಕ್ಕೂ ಪಿಸಿಎನ್ ಅನ್ನೋ ಒಂದೇ ಹೆಸ್ರು ಬರೋ ಹಾಗೆ ಬೇಕಂತ್ಲೇ ಇಟ್ಕೊಂಡಿದಾರೆ ಅಂತ ನಂಗೆ ಅನುಮಾನ. ಇಲ್ಲಿನ ಆರ್‌ಟಿಒ ಥರ ಇರೋ ಡಿವಿಎಲ್ಎಗೆ ಎರಡೂವರೆ ಪೌಂಡ್ ಕೊಟ್ಟು ನಿನ್ ಅಡ್ರೆಸ್ ತಗೋತಾರೆ, ಬೋರ್ಡಲ್ಲಿರೋ ಷರತ್ತು ಮುರಿದೆ ದುಡ್ಡು ಕೊಡು ಅಂತಾರೆ, ಅಷ್ಟೇ, ಸಿವಿಲ್ ವ್ಯವಹಾರ. ಮಧ್ಯದಲ್ಲಿ ಕೆಂಪಕ್ಷರದಲ್ಲಿ ಬರೋ ಡೆಟ್ ಕಲೆಕ್ಟರ್ ಕಾಗದಕ್ಕೂ ಬೆಲೆ ಇಲ್ಲ, ಅವ್ರು ಬೇಲಿಫ್ ಅಂದ್ರೆ ಕೋರ್ಟಿನ ಅಮೀನ ಅಲ್ಲ, ಸಾಮಾನು ಜಪ್ತಿ ಮಾಡೋ ಅಧಿಕಾರನೂ ಇಲ್ಲ.

ಆದ್ರೆ ಈ ಸಲ ಬಂದಿರೋದು ಲೆಟರ್ ಬಿಫೋರ್ ಕ್ಲೇಮ್, ಅಂದ್ರೆ ಕೇಸ್ ಹಾಕೋಕೆ ಮುಂಚೆ ಕೊಡೋ ನೋಟಿಸ್. ಇದಕ್ಕೆ 30 ದಿನದೊಳಗೆ ಉತ್ತರ ಕೊಡ್ಲೇಬೇಕು. ನಿನ್ ರೂಮ್‌ಮೇಟ್ "ಇಗ್ನೋರ್ ಮಾಡು ಗುರೂ" ಅಂದ್ನಲ್ಲ, ಅವ್ನು ಗ್ಲಾಸ್ಗೋದಿಂದ ಬಂದವ್ನು ತಾನೆ? ಅಲ್ಲಿ ಕಾನೂನೇ ಬೇರೆ. ಇಲ್ಲಿ ಇಂಗ್ಲೆಂಡಲ್ಲಿ 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಆಕ್ಟ್ ಬಂದ್ಮೇಲೆ, ಓಡಿಸಿದ್ದು ಯಾರು ಅಂತ ಗೊತ್ತಿಲ್ದಿದ್ರೂ, ಅವ್ರು ರೂಲ್ಸ್ ಪ್ರಕಾರ ನೋಟಿಸ್ ಕಳ್ಸಿದ್ರೆ ಗಾಡಿ ಯಾರ ಹೆಸರಲ್ಲಿದೆಯೋ ಅವ್ರನ್ನೇ ಹಿಡ್ಕೋಬಹುದು. 2015ರಲ್ಲಿ ಬೀವಿಸ್ ಅನ್ನೋನು, ಫಿಶ್ ಅಂಡ್ ಚಿಪ್ಸ್ ಅಂಗಡಿಯವ್ನು, ಚೆಮ್ಸ್‌ಫರ್ಡ್‌ನ ಎರಡು ಗಂಟೆ ಫ್ರೀ ಪಾರ್ಕಿಂಗಲ್ಲಿ 56 ನಿಮಿಷ ಜಾಸ್ತಿ ನಿಲ್ಸಿ, 85 ಪೌಂಡ್ ಕೊಡಲ್ಲ ಅಂತ ಸುಪ್ರೀಂ ಕೋರ್ಟ್ ತನಕ ಹೋಗಿ ಸೋತ. ಆವತ್ತಿಗೆ ಇಗ್ನೋರ್ ಮಾಡೋ ಕಾಲ ಮುಗೀತು.

ಇಗ್ನೋರ್ ಮಾಡಿದ್ರೆ ಏನಾಗತ್ತೆ ಅಂತ ನಂಗೆ ಗೊತ್ತು, ಯಾಕಂದ್ರೆ ನಾನೇ ಮಾಡಿದೀನಿ. ಸ್ಲೌ ಬಿಟ್ಟು ರೆಡಿಂಗಿಗೆ ಮನೆ ಬದಲಾಯಿಸಿದಾಗ ಕಾರಿನ ಲಾಗ್‌ಬುಕ್ಕಲ್ಲಿ (ನಮ್ಮೂರಿನ ಆರ್‌ಸಿ ಥರದ್ದು) ಅಡ್ರೆಸ್ ಚೇಂಜ್ ಮಾಡ್ಸೋಕೆ ಉದಾಸೀನ ಮಾಡ್ದೆ. ಒಂದು ನೋಟಿಸ್ ಹಳೇ ಮನೇಲೇ ಬಂದಿತ್ತು, ಹರ್ದು ಬಿಸಾಕಿದ್ದೆ. ಕೋರ್ಟ್ ಕಾಗದನೂ ಹಳೇ ಮನೆಗೇ ಹೋಯ್ತು, ಉತ್ತರ ಇಲ್ಲ ಅಂತ ಜಡ್ಜ್‌ಮೆಂಟ್ ಆಯ್ತು. ಗೊತ್ತಾಗಿದ್ದು ಯಾವಾಗ? ಮನೆ ಸಾಲ ಹೊಸದಾಗಿ ಮಾಡ್ಸೋಕೆ ರೀಮಾರ್ಟ್‌ಗೇಜಿಗೆ ಕೂತಾಗ, ಬ್ಯಾಂಕಿನ ಹುಡ್ಗಿ ಸ್ಕ್ರೀನ್ ನೋಡಿ ಸುಮ್ನಾಗಿ "ನಿಮ್ ಮೇಲೆ ಸಿಸಿಜೆ ಇದೆಯಲ್ಲ" ಅಂದಾಗ. ನಿಮ್ಮತ್ತೆ ಪಕ್ಕದಲ್ಲೇ ಕೂತಿದ್ಲು, ಆ ಮುಖ ನಂಗೆ ಈಗ್ಲೂ ಕಣ್ಮುಂದೆ ಇದೆ. ಸಿಸಿಜೆ ಅಂದ್ರೆ ದುಡ್ಡು ಕಟ್ಟು ಅನ್ನೋ ಕೋರ್ಟ್ ತೀರ್ಪು, ರಿಜಿಸ್ಟರಲ್ಲಿ 6 ವರ್ಷ ಕೂತಿರತ್ತೆ, ತೆಗೆಸ್ಬೇಕಂದ್ರೆ ಅರ್ಜಿ ಹಾಕ್ಬೇಕು, ಈಗ ಬರೀ ಅದರ ಫೀಸೇ 300 ಪೌಂಡ್ ದಾಟಿದೆ. ನಿನ್ ಲಾಗ್‌ಬುಕ್ಕಲ್ಲಿ ಕವೆಂಟ್ರಿ ಅಡ್ರೆಸ್ ಇದೆಯಾ? ಇವತ್ತೇ ನೋಡು.

ಈಗ ಮೊದಲ್ನೇ ಕವರ್. ಎರಡು ಗಂಟೆ ಫ್ರೀ, ನೀನಿದ್ದದ್ದು ಎರಡು ಗಂಟೆ 41 ನಿಮಿಷ. ಹತ್ತು ನಿಮಿಷ ರಿಯಾಯಿತಿ ಕೊಡ್ತಾರೆ, ಅದನ್ನ ಕಳೆದ್ರೂ ಅರ್ಧ ಗಂಟೆ ಮೇಲಾಯ್ತು. ಬೋರ್ಡ್ ದೊಡ್ಡದಾಗೇ ಇದೆ ಅಂತ ನೀನೇ ಹೇಳ್ದೆ, ನೋಟಿಸೂ ರೂಲ್ಸ್ ಪ್ರಕಾರ 14 ದಿನದೊಳಗೇ ಬಂದಿದೆ. ಇಂಥದಕ್ಕೆ ಕೋರ್ಟಲ್ಲಿ ನಿಂತು "ಫ್ರೆಂಡ್ ಬರೋದು ಲೇಟಾಯ್ತು ಸಾರ್" ಅಂದ್ರೆ ಯಾರು ಕೇಳ್ತಾರೆ. ಇದನ್ನ ಸೆಟ್ಲ್ ಮಾಡು. ಆದ್ರೆ 170 ಕೊಡ್ಬೇಡ. ಅದ್ರಲ್ಲಿ ಚಾರ್ಜ್ 100, ಮಿಕ್ಕ 70 ವಸೂಲಿ ಖರ್ಚು ಅಂತ ಮೇಲೆ ಅಂಟಿಸಿದ್ದು, ಅದನ್ನ ಕೆಲವು ಜಡ್ಜ್‌ಗಳು ಕೊಡಿಸ್ತಾರೆ, ಕೆಲವ್ರು ಹೊಡೆದು ಹಾಕ್ತಾರೆ. ಸೋತ್ರೆ ಎಷ್ಟಾಗತ್ತೆ ಅಂತ ಲೆಕ್ಕ ಹಾಕು: 100, ಕೋರ್ಟ್ ಫೀ 35, ಲಾಯರ್ ಹೆಸರಲ್ಲಿ 50, ಹಿಯರಿಂಗ್ ಫೀ 27, ಒಟ್ಟು 212, ಮೇಲೆ ಒಂದಿಷ್ಟು ಬಡ್ಡಿ, ಗ್ರಹಚಾರ ಕೆಟ್ರೆ ಆ 70 ಬೇರೆ. ಅದಕ್ಕೇ 100 ಪೌಂಡ್ ಕೊಡ್ತೀನಿ, ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್ ಅಂತ ಬರಿ, ಮೇಲ್ಗಡೆ ವಿತೌಟ್ ಪ್ರೆಜುಡಿಸ್ ಅಂತ ಹಾಕು, ಹಾಗಂದ್ರೆ ನಾಳೆ ಮಾತು ಮುರಿದುಬಿದ್ರೂ ಆ ಕಾಗದನ ಜಡ್ಜ್ ಮುಂದೆ ಹಿಡ್ದು "ನೋಡಿ ಒಪ್ಕೊಂಡಿದಾನೆ" ಅನ್ನೋಕಾಗಲ್ಲ. 120ರ ತನಕ ಎಳೆದಾಡಿದ್ರೆ ಕೊಟ್ಬಿಡು, ಅದಕ್ಕೂ ಮೇಲೆ ಕೇಳಿದ್ರೆ ನಂಗೆ ಹೇಳು. ಫೋನಲ್ಲಿ ಮಾತಾಡ್ಬೇಡ, ಆ ಕಡೆಯಿಂದ ಬರವಣಿಗೇಲಿ ಒಪ್ಪಿಗೆ ಬರೋ ತನಕ ಒಂದು ಪೆನ್ನಿ ಕೂಡ ಕಳಿಸ್ಬೇಡ.

ಎರಡನೇ ಕವರ್ ನೋಡಿದ್ರೆ ನಂಗೇ ಸಿಟ್ಟು ಬರತ್ತೆ. ಮಷಿನ್‌ಗೆ 3 ಪೌಂಡ್ 20 ಹಾಕಿದೀಯ, ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಇದೆ, ಗಾಡಿ ನಂಬರ್ ಒತ್ತೋವಾಗ ಸೊನ್ನೆ ಬದಲು ಓ ಒತ್ತಿದೀಯ. ಇದಕ್ಕೆ ನೂರು ಪೌಂಡಾ! ಇಂಥ ಒಂದಕ್ಷರದ ತಪ್ಪಿದ್ರೆ ಅಪೀಲ್‌ನಲ್ಲೇ ಕ್ಯಾನ್ಸಲ್ ಮಾಡ್ಬೇಕು ಅಂತ ಪಾರ್ಕಿಂಗ್ ಕಂಪನಿಗಳ ಸಂಘದ ನಿಯಮದಲ್ಲೇ ಇದೆ. ನೀನು 28 ದಿನದೊಳಗೆ ಅಪೀಲ್ ಹಾಕಿದ್ರೆ ಆವತ್ತೇ ಮುಗೀತಿತ್ತು, ಸೋಮಾರಿ, ಇರ್ಲಿ. ಈಗ ಅವ್ರ ಉತ್ತರದ ಫಾರ್ಮಲ್ಲಿ ಸಾಲ ಒಪ್ಪಲ್ಲ ಅಂತ ಟಿಕ್ ಮಾಡು, ಸ್ಟೇಟ್‌ಮೆಂಟ್ ಕಾಪಿ ಲಗತ್ತಿಸು, ಆವತ್ತು ಆ ಮಷಿನಲ್ಲಿ ದಾಖಲಾದ ನಂಬರ್‌ಗಳ ಲಿಸ್ಟ್ ಕೊಡಿ ಅಂತ ಕೇಳು. ಕಾಗದಪತ್ರ ಕೇಳಿದ್ರೆ ಅದನ್ನ ಕೊಟ್ಟು 30 ದಿನ ಆಗೋ ತನಕ ಅವ್ರು ಕೇಸ್ ಹಾಕೋ ಹಾಗಿಲ್ಲ. ಇದಕ್ಕೆ ಸೆಟ್ಲ್‌ಮೆಂಟ್ ಮಾತೇ ಎತ್ಬೇಡ, ಇಪ್ಪತ್ತು ಪೌಂಡಿಗೂ.

ನೀನು ಹೆದರ್ತಿರೋದು ಕೋರ್ಟ್ ಅನ್ನೋ ಪದಕ್ಕೆ, ಅದು ನಂಗೂ ಗೊತ್ತು. ನಮ್ಮನೇಲಿ ಎಲ್ರಿಗೂ ಅದು ರಕ್ತದಲ್ಲೇ ಬಂದಿದೆ. ನಿಮ್ ತಾತ ಒಂದು ಮೊಳ ಬದುವಿನ ಕೇಸಿಗೆ ಹಾಸನಕ್ಕೆ ಹನ್ನೊಂದು ವರ್ಷ ಓಡಾಡಿದ್ರು, ಬುತ್ತಿ ಕಟ್ಕೊಂಡು ಬೆಳಗಿನ ಬಸ್ಸು, ಸಂಜೆ ವಾಯಿದೆ ಬಿತ್ತು ಅಂತ ವಾಪಸ್. ಗೆದ್ದವ ಸೋತ, ಸೋತವ ಸತ್ತ ಅಂತ ಅಜ್ಜಿ ಹೇಳ್ತಿದ್ದಿದ್ದು ಸುಮ್ನೆ ಅಲ್ಲ. ಆದ್ರೆ ಇಲ್ಲಿ ಸ್ಮಾಲ್ ಕ್ಲೇಮ್ಸ್, ಸಣ್ಣ ಮೊತ್ತದ ಕೇಸ್ ಕಣಪ್ಪಾ, ನೀನು ಸೋತ್ರೂ ಅವ್ರ ಲಾಯರ್ ಫೀಸ್ ಪೂರ್ತಿ ನಿನ್ ತಲೆಗೆ ಬರಲ್ಲ, ನಿನ್ನೂರಿನ ಕೋರ್ಟಲ್ಲೇ ನಡೆಯತ್ತೆ, ಟೇಬಲ್ ಆಚೆ ಒಬ್ಬ ಜಡ್ಜ್, ಈಚೆ ನೀನು. ಅದಕ್ಕೂ ಮುಂಚೆ ಫೋನಲ್ಲೇ ಒಂದು ಗಂಟೆ ಫ್ರೀ ಮೀಡಿಯೇಷನ್, ಅಂದ್ರೆ ರಾಜಿ ಮಾತುಕತೆ, 2024ರ ಮೇ ತಿಂಗಳಿಂದ ಕಡ್ಡಾಯ ಮಾಡಿದಾರೆ, ಕಡ್ಡಾಯ ಅಂದ್ರೆ ಹಾಜರಾಗೋದು, ಒಪ್ಕೊಳ್ಳೋದಲ್ಲ. ಹಿಯರಿಂಗ್ ಫೀ ಕಟ್ಟೋ ಹೊತ್ತಿಗೆ ಕಂಪನಿಯವ್ರೇ ಕೇಸ್ ಕೈಬಿಟ್ಟು ಹೋಗಿದ್ದನ್ನೂ ನೋಡಿದೀನಿ. ಕೊನೆಗೆ ಸೋತೇ ಹೋದೆ ಅಂದ್ಕೋ, ಒಂದು ತಿಂಗಳೊಳಗೆ ಪೂರ್ತಿ ಕಟ್ಟಿದ್ರೆ ಸಿಸಿಜೆ ರಿಜಿಸ್ಟರಿಂದ ಅಳಿಸಿ ಹೋಗತ್ತೆ.

ಕೋರ್ಟಿಂದ ಕ್ಲೇಮ್ ಫಾರ್ಮ್ ಅಂತ ಕವರ್ ಬಂದ್ರೆ ಮಾತ್ರ ಆವತ್ತೇ ಫೋನ್ ಮಾಡು, ನಡುರಾತ್ರಿ ಆದ್ರೂ ಪರ್ವಾಗಿಲ್ಲ. 14 ದಿನದೊಳಗೆ ಸಿಕ್ತು ಅಂತ ತಿಳಿಸಿದ್ರೆ ಡಿಫೆನ್ಸ್, ಅಂದ್ರೆ ನಿನ್ ಕಡೆ ವಾದ, ಬರಿಯೋಕೆ ಒಟ್ಟು 28 ದಿನ ಸಿಗತ್ತೆ, ಬಿಟ್ರೆ ನನ್ ಕಥೆನೇ ನಿಂದೂ.

ಅಕ್ಕ ಮೊನ್ನೆ ಫೋನ್ ಮಾಡಿದ್ಲು, "ಹುಡ್ಗ ಯಾಕೋ ಸಪ್ಪಗಿದಾನೆ, ಏನಾದ್ರೂ ಲವ್ವಾ" ಅಂತ ಕೇಳಿದ್ಲು, ಹೂಂ ಇರ್ಬಹುದು ಅಂದೆ. ಅದನ್ನ ನೀನೇ ಸರಿ ಮಾಡ್ಕೋ. ಭಾನುವಾರ ಎರಡೂ ಕವರ್ ತಗೊಂಡು ಬಾ, ರಬ್ಬರ್ ಬ್ಯಾಂಡ್ ಬಿಚ್ಚಿ. ನಿಮ್ಮತ್ತೆ ಅಕ್ಕಿರೊಟ್ಟಿ ಮಾಡ್ತಾಳಂತೆ. ಗಾಡಿ ನಮ್ ಡ್ರೈವ್‌ವೇಲೇ ನಿಲ್ಸು, ಎದುರಿನ ಫ್ಲ್ಯಾಟ್‌ನವ್ರ ಜಾಗದಲ್ಲಿ ಹೊಸ್ದಾಗಿ ಕ್ಯಾಮೆರಾ ಹಾಕಿದಾರೆ.

ನಿನ್ನ ಮಾವ